ಹಾಕಿ ಮೈದಾನದಾಚೆಯ ಟವರ್‌ಗೆ ಡಾಂಟೆ: ಧ್ವನಿ ಕಡಿಯುತ್ತಿದೆ, ಡಿಲೇಯೂ ಹೊಂದುತ್ತಿಲ್ಲ

ಕಕ್ಕಬ್ಬೆ_ಸೌಂಡ್
ನಾಪೋಕ್ಲು ಕಡೆ ಹಾಕಿ ಪಂದ್ಯಕ್ಕೆ ಸೆಟಪ್. ಟವರ್‌ಗೆ ಧ್ವನಿ ಡಾಂಟೆಯಲ್ಲಿ, ಅಂದರೆ ನೆಟ್‌ವರ್ಕ್ ಕೇಬಲ್ ಮೂಲಕ ಡಿಜಿಟಲ್ ಆಡಿಯೊ. ವೇದಿಕೆಯ ಸ್ಪೀಕರ್‌ನಿಂದ ಎದುರು ಗ್ಯಾಲರಿಯ ಟವರ್‌ಗೆ ನೇರ ದೂರ 85 ಮೀಟರ್. ಅಂಚು ಸುತ್ತಿ ಎಳೆದ ಕ್ಯಾಟ್ 6 ಕೇಬಲ್ 130 ಮೀಟರ್, ಮಧ್ಯೆ ಎರಡು ತುಂಡು ಜೋಡಿಸುವ ಒಂದು ಕಪ್ಲರ್. ಟವರ್‌ನಲ್ಲಿ ಚಟ್ ಚಟ್ ಸದ್ದು, ಆಗಾಗ ಪೂರ್ತಿ ಮೌನ. ಲೇಟೆನ್ಸಿ 1ರಿಂದ 5 ಮಿಲಿಸೆಕೆಂಡ್‌ಗೆ ಏರಿಸಿದರೂ ಅದೇ. ಕಾಮೆಂಟರಿಯೂ ಗ್ಯಾಲರಿಯಲ್ಲಿ ಎರಡೆರಡು ಸಲ ಕೇಳುತ್ತದೆ. 130 ಮೀಟರ್ ಕೇಬಲ್‌ಗೆ ಎಷ್ಟು ಡಿಲೇ (ಟವರ್ ಧ್ವನಿಯನ್ನು ಬೇಕೆಂದೇ ತಡ ಮಾಡುವುದು) ಹಾಕಬೇಕು?

ಭಾಗಮಂಡಲ_ನೆಟ್
ಕೇಬಲ್ ಉದ್ದಕ್ಕೆ ಡಿಲೇ ಬೇಡವೇ ಬೇಡ. ತಾಮ್ರದಲ್ಲಿ ಸಂಕೇತಕ್ಕೆ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್. 130 ಮೀಟರಿಗೆ 0.65 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಕಾಲು ಮಿಲಿಮೀಟರ್ ಕೂಡ ಹೋಗಿರುವುದಿಲ್ಲ. ನಿಮ್ಮದು ಎರಡು ಬೇರೆ ತೊಂದರೆ.

ಮೊದಲು ಕಡಿತ. ಎತರ್ನೆಟ್ ತಾಮ್ರಕ್ಕೆ ಎರಡು ಸಾಧನಗಳ ನಡುವೆ ಮಿತಿ 100 ಮೀಟರ್, ಅದೂ 90 ಮೀಟರ್ ಗಟ್ಟಿ ಎಳೆಯ ಕೇಬಲ್ ಮತ್ತು 10 ಮೀಟರ್ ಪ್ಯಾಚ್ ಸೇರಿ. ರೀಲಿನಲ್ಲಿ ಸುತ್ತುವ ಬಹುಎಳೆ ಕೇಬಲ್‌ನಲ್ಲಿ ನಷ್ಟ ಹೆಚ್ಚು, ಅದಕ್ಕೆ 80 ಮೀಟರಿಗೇ ನಿಲ್ಲಿಸುವುದು ಒಳ್ಳೆಯದು. ಕಪ್ಲರ್ ಉದ್ದವನ್ನು ಕೂಡಿಸುತ್ತದೆ, ಸಂಕೇತವನ್ನು ಹೊಸದಾಗಿಸುವುದಿಲ್ಲ. ಅಗ್ಗದ ಕೇಬಲ್ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇದ್ದದ್ದಾದರೆ ಇನ್ನೂ ಬೇಗ ಕೈಕೊಡುತ್ತದೆ.

ಲೇಟೆನ್ಸಿ ಏರಿಸಿದರೂ ಸರಿಯಾಗದ್ದು ಯಾಕೆ? ಅದು ತಡವಾಗಿ ಬಂದ ಪ್ಯಾಕೆಟ್‌ಗೆ ಕಾಯುವ ಅವಧಿ. ದಾರಿಯಲ್ಲೇ ಕೆಟ್ಟ ಪ್ಯಾಕೆಟ್ ಬರುವುದೇ ಇಲ್ಲ. ಡಾಂಟೆ ಆಡಿಯೊವನ್ನು ಮತ್ತೆ ಕಳಿಸುವುದೂ ಇಲ್ಲ. ಡಾಂಟೆ ಕಂಟ್ರೋಲರ್ ಸಾಫ್ಟ್‌ವೇರ್‌ನಲ್ಲಿ ಲಿಂಕ್ ವೇಗ ನೋಡಿ: ಗಿಗಾಬಿಟ್ ಬದಲು 100 ಮೆಗಾಬಿಟ್ ತೋರಿಸಿದರೆ ಅಥವಾ ದೋಷದ ಎಣಿಕೆ ಏರುತ್ತಿದ್ದರೆ ಕೇಬಲ್ಲೇ ಕಾರಣ.

ಕಕ್ಕಬ್ಬೆ_ಸೌಂಡ್
100 ಮೆಗಾಬಿಟ್ ಅಂತಲೇ ತೋರಿಸುತ್ತಿದೆ ಅಣ್ಣ. ಮಧ್ಯದಲ್ಲಿ ಒಂದು ಸ್ವಿಚ್ ಇಟ್ಟರೆ?

ಭಾಗಮಂಡಲ_ನೆಟ್
ಕೆಲಸ ಮಾಡುತ್ತದೆ, 65 ಮತ್ತು 65 ಎಂದು ಭಾಗವಾಗುತ್ತದೆ. ಒಂದು ಗಿಗಾಬಿಟ್ ಸ್ವಿಚ್ ದಾಟಲು ದೊಡ್ಡ ಪ್ಯಾಕೆಟ್‌ಗೆ 12 ಮೈಕ್ರೋಸೆಕೆಂಡಿನಷ್ಟು; 1 ಮಿಲಿಸೆಕೆಂಡ್ ಲೇಟೆನ್ಸಿಯಲ್ಲಿ ಹತ್ತು ಸ್ವಿಚ್‌ವರೆಗೆ ತೊಂದರೆಯಿಲ್ಲ. ಆ ಸ್ವಿಚ್‌ನಲ್ಲಿ ವಿದ್ಯುತ್ ಉಳಿಸುವ ಇಇಇ ಮಾತ್ರ ಆರಿಸಲೇಬೇಕು, ಇಲ್ಲದಿದ್ದರೆ ಸಾಧನಗಳನ್ನು ಒಂದೇ ತಾಳದಲ್ಲಿಡುವ ಕ್ಲಾಕ್ ಓಲಾಡುತ್ತದೆ. ಆದರೆ ಹುಲ್ಲಿನ ಮೇಲೆ ಕರೆಂಟ್ ಎಳೆದು ಸ್ವಿಚ್ ಇಡುವುದು ನನಗೆ ಇಷ್ಟವಿಲ್ಲ. ಏಪ್ರಿಲ್, ಮೇ ಅಂದರೆ ಕೊಡಗಿನಲ್ಲಿ ಗುಡುಗು ಮಳೆ. ಎರಡು ಕಡೆ ಬೇರೆ ಜನರೇಟರ್, ಬೇರೆ ಅರ್ತ್ ಇದ್ದರೆ ಶೀಲ್ಡ್ ಇರುವ ತಾಮ್ರದ ಕೇಬಲ್ ಆ ಎರಡು ಅರ್ತ್‌ಗಳನ್ನೂ ಬೆಸೆದುಬಿಡುತ್ತದೆ.

ಫೈಬರ್ ಹಾಕಿ. 150 ಮೀಟರ್ ಒಎಂ3 (ಮಲ್ಟಿ ಮೋಡ್ ಫೈಬರ್‌ನ ಒಂದು ದರ್ಜೆ), ಲೋಹದ ಕವಚವಿಲ್ಲದ ಎರಡೆಳೆ ಕೇಬಲ್, ಎರಡೂ ಕಡೆ ಸಂಕೇತವನ್ನು ಬೆಳಕಾಗಿಸುವ 850 ನ್ಯಾನೋಮೀಟರ್ ಎಸ್‌ಎಕ್ಸ್ ಮಾಡ್ಯೂಲ್. ಒಎಂ3ಯಲ್ಲಿ ಗಿಗಾಬಿಟ್ 550 ಮೀಟರ್ ಹೋಗುತ್ತದೆ. ಸಿಂಗಲ್ ಮೋಡ್ ಮಾಡ್ಯೂಲ್‌ಗೆ ಮಲ್ಟಿ ಮೋಡ್ ಕೇಬಲ್ ಬೆರೆಸಬೇಡಿ.

ಕೊಳಕೇರಿ_ಮಿಕ್ಸ್
ಎರಡು ಸಲ ಕೇಳುವುದರ ಲೆಕ್ಕ ನನ್ನಿಂದ. ಅದು ಗಾಳಿಯ ಡಿಲೇ. ಶಬ್ದದ ವೇಗ 331.3 + 0.606 × ಉಷ್ಣತೆ. ಮಧ್ಯಾಹ್ನ 28 ಡಿಗ್ರಿಯಲ್ಲಿ ಸೆಕೆಂಡಿಗೆ 348 ಮೀಟರ್. 85 ಮೀಟರಿಗೆ 244 ಮಿಲಿಸೆಕೆಂಡ್. ಮಳೆ ಬಂದು 18 ಡಿಗ್ರಿಗೆ ಇಳಿದರೆ 248. ಇದಕ್ಕೆ 10ರಿಂದ 15 ಸೇರಿಸಿ, ಆಗ ಮಾತು ವೇದಿಕೆಯಿಂದಲೇ ಬಂದಂತೆ ಕಿವಿ ಗ್ರಹಿಸುತ್ತದೆ. ಆ ಅಂತರವೇ ಉಷ್ಣತೆಯ 4 ಮಿಲಿಸೆಕೆಂಡನ್ನೂ ನುಂಗಿಕೊಳ್ಳುತ್ತದೆ, ಸಂಜೆ ಮತ್ತೆ ತಿದ್ದುವ ಗೋಜಿಲ್ಲ. ನಾನಾದರೆ 258ರಲ್ಲಿ ಇಡುತ್ತೇನೆ. ಅಳೆಯಬೇಕಾದ್ದು ಸ್ಪೀಕರ್‌ನಿಂದ ಸ್ಪೀಕರ್‌ಗೆ ನೇರ ದೂರ, ಕೇಬಲ್ ದಾರಿಯಲ್ಲ.

ವೇದಿಕೆ ಸ್ಪೀಕರೂ ಟವರೂ ಎರಡೂ ಡಾಂಟೆಯಿಂದಲೇ, ಒಂದೇ ಲೇಟೆನ್ಸಿಯಲ್ಲಿ ಇದ್ದರೆ ಆ 1 ಮಿಲಿಸೆಕೆಂಡ್ ಪರಸ್ಪರ ವಜಾ. ವೇದಿಕೆಯದು ಮಿಕ್ಸರ್‌ನ ಅನಲಾಗ್ ಔಟ್‌ನಿಂದ ಹೋಗುತ್ತಿದ್ದರೆ ಟವರ್ ಡಿಲೇಯಿಂದ ಅದನ್ನು ಕಳೆಯಿರಿ. ಪರೀಕ್ಷೆಗೆ ಮೆಟ್ರೊನೋಮ್ ಟಿಕ್ ಬಿಟ್ಟು ಟವರ್ ಮುಂದೆ ನಿಂತು, ಎರಡು ಟಿಕ್ ಒಂದಾಗುವವರೆಗೆ ಡಿಲೇ ಏರಿಸಿ, ಆಮೇಲೆ 12 ಸೇರಿಸಿ. ಟವರ್‌ನ ಬೆನ್ನು ಮೈದಾನದ ಕಡೆ ಇರಲಿ. ಇಲ್ಲದಿದ್ದರೆ ವೇದಿಕೆಗೆ ಅರ್ಧ ಸೆಕೆಂಡ್ ತಡವಾಗಿ ಹಿಂತಿರುಗಿ ಕೇಳುತ್ತದೆ.

ಕಕ್ಕಬ್ಬೆ_ಸೌಂಡ್
ಫೈಬರ್ ಸಿಕ್ಕಿದೆ. ಎರಡೂ ಕಡೆ ಸಿಕ್ಕಿಸಿದರೂ ಲಿಂಕ್ ದೀಪ ಬರುತ್ತಿಲ್ಲ.

ಭಾಗಮಂಡಲ_ನೆಟ್
ಒಂದು ತುದಿಯಲ್ಲಿ ಮಾತ್ರ ಎರಡು ಎಳೆಗಳನ್ನು ಅದಲು ಬದಲು ಮಾಡಿ. ಕಳಿಸುವುದು ಕಳಿಸುವುದಕ್ಕೇ ಸಿಕ್ಕಿಕೊಂಡಿರುತ್ತದೆ. ಮುನ್ನ ಎರಡೂ ತುದಿ ಕ್ಲೀನರ್ ಪೆನ್ನಿನಿಂದ ಒರೆಸಿ, ಆದರೆ ಅದರೊಳಗೆ ಕಣ್ಣಿಟ್ಟು ನೋಡಲೇಬೇಡಿ.