ಸುಮಾ, ಆ ಕೆನ್ನೆಯನ್ನು ಒಮ್ಮೆ ಮುಟ್ಟಿ ನೋಡು

ಸುಮಾ, ದೊಡ್ಡಮ್ಮ ಮಾತನಾಡುತ್ತಿದ್ದೇನೆ. ಕನ್ನಡಕ ಸಿಗುತ್ತಿಲ್ಲ, ಅದಕ್ಕೇ ಬರೆಯದೆ ಹೇಳುತ್ತಿದ್ದೇನೆ. ನಿನ್ನ ಬೆಕ್ಕು ಜಗಳವಾಡಿಕೊಂಡು ಬಂದಿದೆ, ಮೂಗಿನ ಮೇಲೆ ಗೀರು, ಕೆನ್ನೆಯಲ್ಲಿ ಚುಕ್ಕೆಯಷ್ಟು ಗಾಯ, ಹಕ್ಕಳೆ ಕಟ್ಟಿದೆ, ಹಾಗೇ ಬಿಡಬಹುದೇ ಎಂದು ಕೇಳಿದ್ದೀಯ. ನಮ್ಮ ಮನೆಯವರ ಈ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ತಾನಾಗಿಯೇ ಮಾಯುತ್ತದೆ ಎಂದು ಹೇಳಿ ಕೈತೊಳೆದುಕೊಂಡಿದ್ದಾರೆ. ಮೂಗಿನ ಗೀರಿನ ಚಿಂತೆ ಬಿಡು, ಮೇಲುಗೀರು ವಾರದಲ್ಲಿ ಒಣಗುತ್ತದೆ. ಕೆನ್ನೆಯ ಚುಕ್ಕೆಯದೇ ಬೇರೆ ಮಾತು. ಹೊರಗೆ ಮುಚ್ಚಿಕೊಂಡಿತೆಂದು ಒಳಗೂ ಮಾಯಿತು ಎಂದುಕೊಳ್ಳಬೇಡ.

ನಮ್ಮ ಬೆಕ್ಕು ಕರಿಯ ನಿಮಗೆಲ್ಲ ಗೊತ್ತಲ್ಲ, ಅರ್ಧ ಕಿವಿಯವನು. ಹಿತ್ತಲಿಗೆ ಬರುತ್ತಿದ್ದ ಗಂಡು ಬೆಕ್ಕಿನೊಂದಿಗೆ ರಾತ್ರಿಯೆಲ್ಲ ಕಿರುಚಾಡಿ, ಬೆಳಿಗ್ಗೆ ಕೆನ್ನೆಯಲ್ಲಿ ಇಂಥದೇ ಚುಕ್ಕೆ ಇಟ್ಟುಕೊಂಡು ಬಂದ. ಮರುದಿನ ಹುಡುಕಿದರೆ ಚುಕ್ಕೆಯೇ ಕಾಣಲಿಲ್ಲ. ನಿನ್ನ ದೊಡ್ಡಪ್ಪ 'ನೋಡಿದೆಯಾ, ಸುಮ್ಮನೆ ಹೆದರುತ್ತಿದ್ದೆ' ಎಂದರು. ಮೂರನೆಯ ದಿನ ಮಂಚದ ಕೆಳಗೆ ಸೇರಿದವನು ತಟ್ಟೆಯ ಬಳಿಗೂ ಬರಲಿಲ್ಲ. ಎಳೆದು ತಂದರೆ ಒಂದು ಕೆನ್ನೆಯಲ್ಲಿ ನಿಂಬೆಹಣ್ಣು ತುರುಕಿದ ಹಾಗೆ ಬಾವು, ಮುಟ್ಟಿದರೆ ಸುಡುತ್ತಿತ್ತು. ಸಂಜೆಗೆ ಅದು ಒಡೆದು, ಕೂದಲಿನ ಮೇಲೆ ಹಸಿರುಹಳದಿ ಕೀವು ಇಳಿಯಿತು. ಆ ನಾತ ಚಾದರದಿಂದ ಹೋಗಲೇ ಇಲ್ಲ.

ಡಾಕ್ಟರು ಕೂದಲು ಬೋಳಿಸಿ, ಕೀವು ತೆಗೆದು, ತೂತನ್ನು ಹೊಲಿಯದೆ ತೆರೆದೇ ಬಿಟ್ಟರು. ಬೆಕ್ಕಿನ ಕೋರೆಹಲ್ಲು ಬಾಯಿಯ ಬ್ಯಾಕ್ಟೀರಿಯಾವನ್ನು ಆಳಕ್ಕೆ ಇಳಿಸುತ್ತದಂತೆ, ಮೇಲಿನ ಚರ್ಮ ಬೇಗ ಕೂಡಿಕೊಳ್ಳುತ್ತದಂತೆ, ಕೀವಿಗೆ ಹೊರಬರಲು ದಾರಿಯೇ ಇರುವುದಿಲ್ಲವಂತೆ. ಎದುರು ನಿಂತು ಕಾದಿದ ಬೆಕ್ಕಿಗೆ ಮುಖದಲ್ಲಿ ಗಾಯ, ಓಡಿದ ಬೆಕ್ಕಿಗೆ ಬಾಲದ ಬುಡದಲ್ಲಿ ಎಂದೂ ಹೇಳಿದರು. ಅಷ್ಟನ್ನು ಮಾತ್ರ ನಿನ್ನ ದೊಡ್ಡಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು. ಅದಕ್ಕೇ ಮತ್ತೆ ಹೇಳುತ್ತೇನೆ, ಹೊರಗೆ ಮುಚ್ಚಿಕೊಂಡಿತೆಂದು ಒಳಗೂ ಮಾಯಿತು ಎಂದುಕೊಳ್ಳಬೇಡ.

ಅಸಲಿಗೆ ಕರಿಯ ನನ್ನ ಬೆಕ್ಕೇ ಅಲ್ಲ. ನಿನ್ನ ಚಿಕ್ಕಪ್ಪ ತಂದದ್ದು. ವರ್ಗವಾದಾಗ 'ಎರಡೇ ತಿಂಗಳು ನೋಡಿಕೊಳ್ಳಿ ಅತ್ತಿಗೆ' ಎಂದು ಬಿಟ್ಟುಹೋದವನು ಹಿಂದೆ ತಿರುಗಿ ನೋಡಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ಔಷಧಿ ಕುಡಿಸಿ ನನ್ನ ಮೊಣಕೈವರೆಗೆ ಗೀರು. ಹೇಗಿದ್ದಾನೆ ಎಂದು ಕೇಳಿದವರಿಲ್ಲ. ಎಲ್ಲ ವಾಸಿಯಾದ ಮೇಲೆ ಬಂದು, ತೊಡೆಯ ಮೇಲೆ ಕೂರಿಸಿಕೊಂಡು, 'ನನ್ನ ಹುಲಿ' ಎಂದು ಇದೇ ಗುಂಪಿನಲ್ಲಿ ಫೋಟೋ ಹಾಕಿದ. ಎಷ್ಟು ಹೃದಯಗಳು ಬಿದ್ದವು! ನಾನು ಏನಾದರೂ ಹಾಕಿದರೆ ನೋಡಿದರೆಂಬ ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಕೇಳಿಸಿಕೊಳ್ಳಲಿ, ಅವನೂ ಇಲ್ಲೇ ಇದ್ದಾನೆ.

ಅಯ್ಯೋ, ಮಾಡಬೇಕಾದದ್ದನ್ನೇ ಹೇಳಲಿಲ್ಲ ನೋಡು. ಅರ್ಧ ಲೀಟರ್ ನೀರು ಕುದಿಸಿ, ಗೋಪುರವಿಲ್ಲದೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು ಕರಗಿಸಿ, ಉಗುರುಬೆಚ್ಚಗಾದ ಮೇಲೆ ಗಾಜ್ ಬಟ್ಟೆ ಅದ್ದಿ ಗಾಯದ ಮೇಲೆ ಸ್ವಲ್ಪ ಹೊತ್ತು ಹಿಡಿ. ಹತ್ತಿ ಬೇಡ, ಎಳೆ ಅಂಟಿಕೊಳ್ಳುತ್ತದೆ. ಹಕ್ಕಳೆಯನ್ನು ಕೀಳಬೇಡ. ನೀರಿಗೆ ಬಿದ್ದರೆ ಬೆಳ್ಳಗಾಗುವ ಆಂಟಿಸೆಪ್ಟಿಕ್ ಅನ್ನು ಹತ್ತಿರಕ್ಕೂ ತರಬೇಡ, ನೆಕ್ಕಿದರೆ ಬೆಕ್ಕಿಗೆ ವಿಷ. ನೋವೆಂದು ಪ್ಯಾರಾಸಿಟಮಾಲ್ ಕೊಟ್ಟೀಯೆ ಜೋಕೆ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಹಿಂಗಾಲಿನಿಂದ ಕೆರೆದುಕೊಳ್ಳುತ್ತಿದ್ದರೆ ಕೊರಳಿಗೆ ಕೋನ್, ಅದೇ ಲಾಳಿಕೆಯಂಥ ಪಟ್ಟಿ, ಹಾಕು.

ಐದಾರು ದಿನ ಬೆಳಿಗ್ಗೆ ರಾತ್ರಿ ಎರಡೂ ಕೆನ್ನೆಗಳನ್ನು ಒಟ್ಟಿಗೆ ಮುಟ್ಟಿ ನೋಡು. ಒಂದು ಕಡೆ ಬಿಸಿಯಾಗಿದ್ದರೆ, ಊದಿದ್ದರೆ, ಊಟ ಬಿಟ್ಟಿದ್ದರೆ ಅದೇ ದಿನ ಡಾಕ್ಟರ ಬಳಿ ಹೋಗು. ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರಂತೂ ಕಾಯಲೇಬೇಡ, ಉಗುರು ಕಣ್ಣಿಗೂ ತಗುಲಿರಬಹುದು. ಮೂಗಿನ ಗೀರು ಎರಡು ಮೂರು ವಾರವಾದರೂ ಮಾಯದಿದ್ದರೆ ಮುಲಾಮು ಸವರುತ್ತಾ ಕೂರಬೇಡ. ಶಿಲೀಂಧ್ರವೂ ಇರಬಹುದು, ಬಿಳಿ ಮೂಗಿನ ಬೆಕ್ಕುಗಳಿಗೆ ಕ್ಯಾನ್ಸರೂ ಹಾಗೆಯೇ ಶುರುವಾಗುತ್ತದೆ. ಕಚ್ಚಿದ ಪ್ರಾಣಿ ಯಾವುದೋ ತಿಳಿಯದು, ರೇಬೀಸ್ ಲಸಿಕೆ ಯಾವಾಗ ಹಾಕಿಸಿದ್ದೆ ಎಂದು ಪುಸ್ತಕ ತೆಗೆದು ನೋಡಿ ಈಗಲೇ ಹೇಳು. ಚಿಕ್ಕಪ್ಪನನ್ನು ಕೇಳಬೇಡ, ಅವನಿಗೆ ಕರಿಯನದೇ ಗೊತ್ತಿರಲಿಲ್ಲ.