ಇಂಡಿಗೋ ಪಿ/ಇ: 22, ಮರುವರ್ಷ 350, ಆಮೇಲೆ ಖಾಲಿ. ಓದುವುದು ಹೇಗೆ?

ಪ್ರಶ್ನೆ, ಬದಿಯಡ್ಕದಿಂದ: ಇಂಡಿಗೋ ವಿಮಾನ ಕಂಪನಿಯ ಶೇರಿನ ಪಿ/ಇ (ಶೇರಿನ ಬೆಲೆಯನ್ನು ಒಂದು ಶೇರಿಗೆ ಬಂದ ವರ್ಷದ ಲಾಭದಿಂದ ಭಾಗಿಸಿದ್ದು) ವರ್ಷವಾರು ಬರೆದಿಟ್ಟರೆ ತಲೆಬುಡ ಸಿಗುವುದಿಲ್ಲ. 2018ರ ಮಾರ್ಚಿಗೆ 22ರ ಹತ್ತಿರ, 2019ಕ್ಕೆ 350, ಮುಂದೆ ನಾಲ್ಕು ವರ್ಷ ಏನೂ ಇಲ್ಲ. ಸರಾಸರಿ ತೆಗೆದು ಅಗ್ಗವೋ ದುಬಾರಿಯೋ ಹೇಳಬಹುದಾ?

ಕುಂಬಳೆಯಿಂದ: ಸರಾಸರಿ ಬೇಡ, ಮೊದಲು ಆ 350 ಬಿಡಿಸಿ ನೋಡಿ. 2017-18ರ ಲಾಭ ಸುಮಾರು 2,242 ಕೋಟಿ, ಶೇರು 38 ಕೋಟಿ ಚಿಲ್ಲರೆ. ಒಂದಕ್ಕೆ 58 ರೂ. ಮರುವರ್ಷ ತೈಲ ಏರಿತು, ಅಕ್ಟೋಬರಿನಲ್ಲಿ ಡಾಲರ್ 74 ರೂ. ದಾಟಿತು. ಲಾಭ 157 ಕೋಟಿಗೆ ಇಳಿದು ಶೇರಿಗೆ 4 ರೂ. ಉಳಿಯಿತು. ಬೆಲೆ 1,400ರ ಆಸುಪಾಸು. ಶೇರು ದುಬಾರಿಯಾದದ್ದಲ್ಲ, ಭಾಜಕವಾದ ಲಾಭ ಬಡಕಲಾದದ್ದು. ಕೊಳೆರೋಗದ ವರ್ಷದ ಫಸಲು ನೋಡಿ ಅಡಿಕೆ ತೋಟಕ್ಕೆ ಕ್ರಯ ಕಟ್ಟಿದ ಹಾಗೆ.

ಖಾಲಿ ಇರುವುದು ನಷ್ಟದ ವರ್ಷಗಳು, ನಷ್ಟಕ್ಕೆ ಅರ್ಥವುಳ್ಳ ಪಿ/ಇ ಇಲ್ಲ. ಎಕ್ಸೆಲ್‌ನಲ್ಲಿ ಅಲ್ಲಿ ಸೊನ್ನೆ ಹಾಕಬೇಡಿ, ಸರಾಸರಿ ಸುಳ್ಳೇ ತಗ್ಗುತ್ತದೆ.

ಬದಿಯಡ್ಕ: ಪಿ/ಇ ಬದಲು ಲಾಭದ ಸರಾಸರಿ ಹಿಡಿದರೆ?

ಹೊಸೂರಿನಿಂದ: ಬೇರೆ ಉದ್ಯಮಕ್ಕೆ ಒಳ್ಳೆಯ ಉಪಾಯ. ಇಲ್ಲಿ 2017-18ರಿಂದ 2023-24ರ ವರೆಗಿನ ಏಳು ವರ್ಷ ಕೂಡಿಸಿ ನೋಡಿ: ಕೊನೆಯ ವರ್ಷದ 8,172 ಕೋಟಿ ಲಾಭ ಸೇರಿಸಿದರೂ ಒಟ್ಟು ಸುಮಾರು 1,900 ಕೋಟಿ ನಷ್ಟ, ಹಾಗಾಗಿ ಸರಾಸರಿಯಿಂದಲೂ ಪಿ/ಇ ಸಿಗದು. ಕೋವಿಡ್‌ನ ಎರಡೇ ವರ್ಷ ಹನ್ನೆರಡು ಸಾವಿರ ಕೋಟಿ ನುಂಗಿದೆ. ಆ 8,172ರಲ್ಲೂ ಒಂದು ಗುಟ್ಟಿದೆ: ಹಳೆಯ ನಷ್ಟ ಹೊಂದಿಸಿಕೊಂಡದ್ದರಿಂದ ತೆರಿಗೆಯ ಹೊರೆಯೇ ಇರಲಿಲ್ಲ. ಮಾಮೂಲಿ ತೆರಿಗೆ, ಅಂದರೆ ಕಾಲು ಭಾಗ, ಕಳೆದೇ ಪಿ/ಇ ಕಟ್ಟಿ.

ಮಂಜೇಶ್ವರದಿಂದ: 2019ರ ಏಪ್ರಿಲ್ 1ರಿಂದ ಲೆಕ್ಕದ ಕ್ರಮವೇ ಬದಲಾಗಿದೆ, ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ನಿಯಮ ಬಂದಿದೆ. ಬಾಡಿಗೆ ವಿಮಾನಗಳ ಮುಂದಿನ ಕಂತುಗಳೆಲ್ಲ ಸಾಲವಾಗಿ ಆಸ್ತಿ-ಹೊಣೆ ಪಟ್ಟಿಗೆ ಬಂದವು, ಬಹುಪಾಲು ಡಾಲರಿನಲ್ಲಿ. ತ್ರೈಮಾಸಿಕದ ಕೊನೆಗೆ ರೂಪಾಯಿ ಜಾರಿದರೆ ಕೈಯಿಂದ ಒಂದು ಕಾಸೂ ಹೋಗದಿದ್ದರೂ ಲಾಭ ಕರಗುತ್ತದೆ. ಫಲಿತಾಂಶದಲ್ಲಿ 'ವಿದೇಶಿ ವಿನಿಮಯ ನಷ್ಟ' ಎಂಬ ಸಾಲು ಹುಡುಕಿ, ಅದನ್ನು ಲಾಭಕ್ಕೆ ಕೂಡಿಸಿ ಇನ್ನೊಂದು ಪಿ/ಇ ಮಾಡಿಟ್ಟುಕೊಳ್ಳಿ. ಪೂರ್ತಿ ಮರೆಯಲೂಬೇಡಿ, ಆ ಕಂತು ಒಂದು ದಿನ ಏರಿದ ಡಾಲರಿನಲ್ಲೇ ಕಟ್ಟಬೇಕು. ಎರಡು ವಿಮಾನ ಕಂಪನಿಗಳನ್ನು ಹೋಲಿಸಲು ಇವಿ/ಎಬಿಟ್‌ಡಾರ್ ವಾಸಿ: ಅದರಲ್ಲಿ ಸಾಲವೂ ಸೇರಿದ ಕಂಪನಿಯ ಬೆಲೆಯನ್ನು ಬಡ್ಡಿ, ತೆರಿಗೆ, ಸವಕಳಿ, ಬಾಡಿಗೆ ಕಳೆಯುವ ಮೊದಲಿನ ಗಳಿಕೆಯಿಂದ ಭಾಗಿಸುತ್ತಾರೆ.

ಕುಂಬಳೆ: ಇನ್ನೊಂದು. ಅಕ್ಟೋಬರ್-ಡಿಸೆಂಬರ್ ಲಾಭವನ್ನು ನಾಲ್ಕರಿಂದ ಗುಣಿಸಬೇಡಿ, ಅದು ಹಬ್ಬ-ರಜೆಯ ಕಾಲ. ಜುಲೈ-ಸೆಪ್ಟೆಂಬರ್ ಮಳೆಗಾಲದ ಮಂದ. ಸಾಲಾಗಿ ನಾಲ್ಕು ತ್ರೈಮಾಸಿಕ ಕೂಡಿಸಿಯೇ ಭಾಗಿಸಿ.