ನಲಿಕಲಿ ಕೊಠಡಿಗೆ ಬೆಂಚು ಬೇಕೇ? ಒಳಾಂಗಣ ವಿನ್ಯಾಸಕಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಶಿಕ್ಷಕಿ, ಶಿಡ್ಲಘಟ್ಟ ತಾಲ್ಲೂಕು): ಮೇಡಂ, ನಮಸ್ಕಾರ. ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ 26 ಮಕ್ಕಳು ಒಂದೇ ನಲಿಕಲಿ (ಗುಂಪುಗಳಲ್ಲಿ ಚಟುವಟಿಕೆಯ ಮೂಲಕ ಕಲಿಯುವ ಪದ್ಧತಿ) ಕೊಠಡಿಯಲ್ಲಿದ್ದಾರೆ. ಕೊಠಡಿ 20 ಅಡಿಗೆ 20 ಅಡಿ. ಮೇಲೆ ಕಲ್ಲು ಚಪ್ಪಡಿ, ಕೆಳಗೆ ಕಡಪ ಕಲ್ಲು. ದಾನಿಗಳೊಬ್ಬರು ಮೂವರು ಕೂರುವ ಕಬ್ಬಿಣದ ಡೆಸ್ಕುಗಳನ್ನು ಕೊಡಿಸುತ್ತೇವೆ ಎನ್ನುತ್ತಿದ್ದಾರೆ. ಒಪ್ಪಿಕೊಂಡರೆ ಗುಂಪಾಗಿ ಕೂರಲು ಜಾಗವಿರುವುದಿಲ್ಲ, ಬೇಡವೆಂದರೆ ಚಳಿಗಾಲದಲ್ಲಿ ಮಕ್ಕಳು ತಣ್ಣನೆಯ ಕಲ್ಲಿನ ಮೇಲೆಯೇ ಕೂರಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಏನು ಹೇಳಲಿ?

ಉತ್ತರ: ನಮಸ್ಕಾರ ಮೇಡಂ. ದಾನವನ್ನು ಒಪ್ಪಿಕೊಳ್ಳಿ, ಆದರೆ ಡೆಸ್ಕುಗಳ ರೂಪದಲ್ಲಿ ಬೇಡ. 26 ಮಕ್ಕಳಿಗೆ ಒಂಬತ್ತು ಡೆಸ್ಕು ಬೇಕು. ಒಂದೊಂದಕ್ಕೆ ಸುಮಾರು 4 ಅಡಿಗೆ 3 ಅಡಿ ಎಂದರೂ ಓಡಾಡುವ ದಾರಿಯನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ ಕೊಠಡಿಯ ಕಾಲು ಭಾಗಕ್ಕಿಂತ ಹೆಚ್ಚು ಮುಗಿದುಹೋಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿಯ ಜೀವಾಳವೇ ಮಕ್ಕಳು ಒಂದು ತಟ್ಟೆಯಿಂದ, ಅಂದರೆ ಕಲಿಕೆಯ ಗುಂಪಿನಿಂದ, ಇನ್ನೊಂದಕ್ಕೆ ಎದ್ದು ಹೋಗುವುದು. ಅಲುಗದ ಪೀಠೋಪಕರಣ ಅದಕ್ಕೇ ಅಡ್ಡ ನಿಲ್ಲುತ್ತದೆ.

ಅಳತೆಯ ಮಾತು ಇದಕ್ಕಿಂತಲೂ ಮುಖ್ಯ. ದಾನವಾಗಿ ಬರುವ ಡೆಸ್ಕುಗಳು ಸಾಮಾನ್ಯವಾಗಿ ಒಂದೇ ಅಳತೆಯವು, ಅದೂ ದೊಡ್ಡ ಮಕ್ಕಳ ಅಳತೆಯವು. ಶಾಲಾ ಪೀಠೋಪಕರಣಗಳ ಯುರೋಪಿನ ಮಾನದಂಡದಂತೆ 108ರಿಂದ 121 ಸೆಂ.ಮೀ. ಎತ್ತರದ ಮಗುವಿಗೆ ಆಸನ 31 ಸೆಂ.ಮೀ., ಮೇಜು 53 ಸೆಂ.ಮೀ. ಇರಬೇಕು. ಪಾದ ನೆಲಕ್ಕೆ ತಾಗದಿದ್ದರೆ ತೊಡೆಯ ಕೆಳಭಾಗ ಒತ್ತಿ ಜೋಮು ಹಿಡಿಯುತ್ತದೆ, ಮಗು ಮತ್ತೆ ಮತ್ತೆ ಎದ್ದು ನಿಲ್ಲುತ್ತದೆ. ನಾವು ಅದನ್ನು ತುಂಟತನವೆಂದು ಗದರಿಸುತ್ತೇವೆ.

ನನ್ನ ಸಲಹೆಯೆಂದರೆ, ಅರ್ಧದಷ್ಟು ಮಕ್ಕಳಿಗೆ ಮೇಜು, ಉಳಿದವರಿಗೆ ನೆಲ. ಉದ್ದದ ಬದಿ 4 ಅಡಿ, ಉಳಿದ ಮೂರು ಬದಿ ತಲಾ 2 ಅಡಿ ಇರುವ ನಾಲ್ಕು ಮೇಜುಗಳನ್ನು ಮಾಡಿಸಿ. ಎರಡನ್ನು ಉದ್ದದ ಬದಿಯಲ್ಲಿ ಕೂಡಿಸಿದರೆ ಆರು ಮಕ್ಕಳು ಸುತ್ತ ಕೂರುವ ಷಟ್ಕೋನವಾಗುತ್ತದೆ, ಬಿಡಿಸಿ ಗೋಡೆಗೆ ಸರಿಸಿದರೆ ನಡುವೆ ಹಾಡು, ಆಟಕ್ಕೆ ಅಂಗಳ ಸಿಗುತ್ತದೆ. ಕುರ್ಚಿಗಿಂತ ಒಂದರ ಮೇಲೊಂದು ಪೇರಿಸಿಡಬಹುದಾದ ಸ್ಟೂಲು ವಾಸಿ. ನೆಲ ಒರೆಸುವ ನೀರು ತಾಗುವುದರಿಂದ ಪ್ಲೈವುಡ್ಡಿನ ಮೇಲೆ ನೀರು ತಡೆಯುವ ದರ್ಜೆಯ ಐಎಸ್ 710 ಗುರುತು ಇದೆಯೇ ಎಂದು ನೀವೇ ನೋಡಿ. ಮೂಲೆಗಳನ್ನು ಕಡ್ಡಾಯವಾಗಿ ಗುಂಡಗೆ ಉಜ್ಜಿಸಿ.

ನೆಲಕ್ಕೆ ಕಾರ್ಪೆಟ್ ಅಂಟಿಸಬೇಡಿ, ಧೂಳಿನ ಗೂಡಾಗುತ್ತದೆ. ಕೆಳಗೆ ಈಚಲು ಚಾಪೆ, ಮೇಲೆ ಜಮಖಾನ ಹಾಸಿದರೆ ನಡುವೆ ಉಳಿಯುವ ಗಾಳಿ ಕಲ್ಲಿನ ತಂಪನ್ನು ತಡೆಯುತ್ತದೆ, ಶನಿವಾರ ಎತ್ತಿ ಬಿಸಿಲಿಗೆ ಹಾಕಲೂಬಹುದು. ಬಣ್ಣದ ವಿಷಯ ಇಷ್ಟೇ: ಮೇಲ್ಗೋಡೆ ಮತ್ತು ಚಾವಣಿಗೆ ಬಿಳಿ ಬಳಿದು, ಒಂದು ಗೋಡೆಯನ್ನಾದರೂ ಚಿತ್ರವಿಲ್ಲದೆ ಬಿಡಿ.

ಪ್ರಶ್ನೆ (ಪೋಷಕರು, ಅದೇ ಶಾಲೆಯ ಎಸ್‌ಡಿಎಂಸಿ ಸದಸ್ಯರು): ಮೇಡಂ, ನಾವು ರೇಷ್ಮೆ ಸಾಕುವವರು. ಹುಳು ಗೂಡು ಕಟ್ಟಲು ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಬಿದಿರಿನ ಚಂದ್ರಿಕೆಗಳು ಅಟ್ಟ ಸೇರಿವೆ. ಶಾಲೆಗೆ ಉಪಯೋಗವಾದಾವೇ?

ಉತ್ತರ: ಖಂಡಿತ ಆಗುತ್ತವೆ, ಯಜಮಾನರೇ. ಹುಳು ಗೂಡು ಕಟ್ಟಲೆಂದು ಸುರುಳಿಯಾಗಿ ಹೊಲಿದ ಆ ಬಿದಿರು ಪಟ್ಟಿಗಳ ಸಂದಿಯಲ್ಲಿ ನಲಿಕಲಿ ಕಾರ್ಡುಗಳನ್ನು ಮಕ್ಕಳೇ ಸಿಕ್ಕಿಸಿ ತೆಗೆಯಬಹುದು. ಆದರೆ ಸಾಕಣೆ ಮನೆಯಲ್ಲಿ ಫಾರ್ಮಾಲಿನ್, ಬ್ಲೀಚಿಂಗ್ ಪುಡಿ ಬಳಸಿರುತ್ತೀರಿ. ಆದ್ದರಿಂದ ಚೆನ್ನಾಗಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಒಂದು ವಾರವಾದರೂ ಬಿಸಿಲಲ್ಲಿ ಒಣಗಿಸಿ, ಸಿಬಿರು ಏಳದಂತೆ ಸ್ಯಾಂಡ್‌ಪೇಪರಿನಿಂದ ಉಜ್ಜಿರಿ. ಗೋಡೆಗೆ ತೂಗುಹಾಕುವಾಗ ಹಿಂದೆ ಹಳೆಯ ಕಂಬಳಿಯೊಂದನ್ನು ಕೊಟ್ಟರೆ ಚಪ್ಪಡಿ ಕೊಠಡಿಯ ಮಾರ್ದನಿ ತಗ್ಗುತ್ತದೆ. 26 ಮಕ್ಕಳು ಒಟ್ಟಿಗೆ ಓದುವಾಗ ಮೇಡಂ ಅವರ ಗಂಟಲಿಗೆ ಅದೇ ದೊಡ್ಡ ಉಪಕಾರ. ನಡುವೆ ಅಡ್ಡಗೋಡೆಯಂತೆ ಮಾತ್ರ ನಿಲ್ಲಿಸಬೇಡಿ, ಮಕ್ಕಳ ಮೇಲೆ ಉರುಳುತ್ತದೆ.

ಶಿಕ್ಷಕಿ: ಧನ್ಯವಾದಗಳು ಮೇಡಂ. ದಾನಿಗಳು ಒಪ್ಪಿದರೆ ನಾಲ್ಕೂ ಮೇಜುಗಳನ್ನು ಒಟ್ಟಿಗೆ ಮಾಡಿಸಲೇ?

ಉತ್ತರ: ಬೇಡ. ಮೊದಲು ಒಂದನ್ನು ಮಾಡಿಸಿ ಒಂದು ವಾರ ಬಳಸಿ ನೋಡಿ. ಎರಡನೆಯ ತರಗತಿಯ ಇಬ್ಬರು ಮಕ್ಕಳು ಅದನ್ನು ಎಳೆಯದೆ ಎತ್ತಿ ಗೋಡೆಯ ಬದಿಗೆ ಇಡಬಲ್ಲರಾದರೆ ಉಳಿದ ಮೂರಕ್ಕೆ ಹೇಳಿ. ಆಗದಿದ್ದರೆ ಇನ್ನಷ್ಟು ಹಗುರ ಮಾಡುವಂತೆ ಬಡಗಿಗೆ ತಿಳಿಸಿ.